ವಿಯೆಟ್ನಾಂ ರೇಷ್ಮೆ ನೋಡಲು: ವಾನ್ ಫುಕ್ ಊರೋ, ಹೋಯಿ ಆನ್ ರೇಷ್ಮೆ ಗ್ರಾಮವೋ?

ಹನೋಯಿಗೆ ಹೋಗುವವರಿಗೆ ವಾನ್ ಫುಕ್ ಸುಲಭ. ನಗರದ ನಡುವಿನಿಂದ ಸುಮಾರು 10 ಕಿ.ಮೀ., ಹಾ ಡೋಂಗ್ ಕಡೆಗಿನ ಮೆಟ್ರೋ ಹತ್ತಿ ಇಳಿದರೆ ಅಲ್ಲಿಂದ ಟ್ಯಾಕ್ಸಿಗೆ ಹೆಚ್ಚು ದೂರವಿಲ್ಲ. ಆದರೆ ಹಳ್ಳಿ ಎಂದುಕೊಂಡು ಹೋಗಬೇಡಿ. ಇದೀಗ ಬಣ್ಣದ ಕೊಡೆ ತೂಗುಹಾಕಿದ ಅಂಗಡಿ ಬೀದಿ. ಸೊಗಸು ಇರುವುದು ಒಳಗಲ್ಲಿಯಲ್ಲಿ. ವಿದ್ಯುತ್ ಮಗ್ಗ ಖಟಖಟ ಎನ್ನುತ್ತಿರುತ್ತದೆ, ಮೇಲೆ ತೂತು ಹೊಡೆದ ರಟ್ಟಿನ ಪಟ್ಟಿ ಒಂದೊಂದಾಗಿ ಸರಿಯುತ್ತದೆ, ಯಾವ ಎಳೆ ಏಳಬೇಕೆಂದು ಆ ತೂತುಗಳೇ ಹೇಳುತ್ತವೆ. ಊರಿನ ಹೆಮ್ಮೆ ‘ಲುವಾ ವಾನ್’ ಎಂಬ ಬಟ್ಟೆ. ಅದರ ಹೂವಿನ ವಿನ್ಯಾಸ ಬೆಳಕಿಗೆ ಹಿಡಿದಾಗ ಎದ್ದು ಕಾಣುತ್ತದೆ.

ನಡು ವಿಯೆಟ್ನಾಂನ ಹೋಯಿ ಆನ್ ಪಟ್ಟಣದ್ದು ಟಿಕೆಟ್ ಕೊಟ್ಟು ಒಳಹೋಗುವ, ಪ್ರವಾಸಿಗರಿಗಾಗಿಯೇ ಕಟ್ಟಿದ ಜಾಗ. ಹಿಪ್ಪುನೇರಳೆ ತೋಟ, ಹುಳು ಸಾಕಣೆ, ನೂಲು ಬಿಚ್ಚುವುದು, ಕೈಮಗ್ಗ ಎಲ್ಲವೂ ಒಂದೇ ಸುತ್ತಿನಲ್ಲಿ. ಮಕ್ಕಳಿದ್ದರೆ ಇದೇ ವಾಸಿ. ರಾಮನಗರದಲ್ಲಿ ಗೂಡಿನ ರಾಶಿಯನ್ನೂ ನೂಲು ಬಿಚ್ಚುವುದನ್ನೂ ಕಂಡವರಿಗೆ ಮಾತ್ರ ಅರ್ಧ ಸುತ್ತು ಹಳೆಯದೇ.

ಕೊಳ್ಳುವುದಿದ್ದರೆ ನನ್ನ ಮತ ವಾನ್ ಫುಕ್‌ಗೆ, ಆಯ್ಕೆ ಹೆಚ್ಚು. ಹುಷಾರು: ಬೆರಕೆ ಬಟ್ಟೆ, ಹೊರಗಿನ ಮಾಲು ಅಲ್ಲೂ ಉಂಟು. ಒಂದೆಳೆ ಸುಟ್ಟು ತೋರಿಸಿ ಎನ್ನಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ತೋರಿಸಲು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ.