ಮೆಹ್ರಾನ್‌ಗಢದ ಸುತ್ತ ದಯವಿಟ್ಟು ಡ್ರೋನ್ ಹಾರಿಸಬೇಡಿ

ಜೋಧ್‌ಪುರಕ್ಕೆ ಹೋಗುವ ಪ್ಲಾನ್ ಇದ್ದರೆ, ಡ್ರೋನ್ ಬ್ಯಾಗಿಗೆ ಹಾಕುವ ಮೊದಲು ಇದನ್ನೊಮ್ಮೆ ಓದಿ. ಕಳೆದ ಜನವರಿಯಲ್ಲಿ ನನ್ನಿಂದ ಆದ ತಪ್ಪು ಇನ್ನೊಬ್ಬರಿಂದ ಆಗಬಾರದು.

ನಾನೂ ನನ್ನ ತಮ್ಮನೂ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿದ್ದೆವು. ನಮ್ಮ ಓಣಿಯಲ್ಲಿ ಅಂಗಡಿ ಇಟ್ಟಿರುವ ಮಾರವಾಡಿ ಕಾಕಾ ನಮ್ಮ ಚಿಕ್ಕಂದಿನಿಂದ ಜೋಧ್‌ಪುರದ ಮೆಹ್ರಾನ್‌ಗಢ ಕೋಟೆಯ ಬಗ್ಗೆ ಹೇಳುತ್ತಲೇ ಇದ್ದರು. 1459ರಲ್ಲಿ ರಾವ್ ಜೋಧಾ ಕಟ್ಟಿಸಲು ಶುರು ಮಾಡಿದ ಕೋಟೆ ಅದು. ಊರಿನ ನೆತ್ತಿಯ ಮೇಲೆ, ಸುಮಾರು 400 ಅಡಿ ಎತ್ತರದ ಬಂಡೆಯ ಮೇಲೆ ನಿಂತಿದೆ. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ಕೆಳಗೆ ಬ್ರಹ್ಮಪುರಿ ಅನ್ನುವ ಹಳೆಯ ಬಡಾವಣೆಯ ನೀಲಿ ಮನೆಗಳು.

ಮೊದಲ ದಿನ ಕೋಟೆಯೊಳಗೆಲ್ಲ ಸುತ್ತಾಡಿದೆವು. ಮಧ್ಯಾಹ್ನದ ಹೊತ್ತಿಗೆ ಒಬ್ಬರು ಕೋಟೆಗೋಡೆಯ ಮೇಲೆ ನಿಂತು ಮಾಂಸದ ಚೂರುಗಳನ್ನು ಮೇಲಕ್ಕೆ ಎಸೆಯುತ್ತಿದ್ದರು. ನೂರಾರು ಹದ್ದುಗಳು ಗಾಳಿಯಲ್ಲೇ ಅವನ್ನು ಹಿಡಿಯುತ್ತಿದ್ದವು. ಅಲ್ಲಿನವರಿಗೆ ಹದ್ದು ಬರೀ ಹಕ್ಕಿಯಲ್ಲ. ಕೋಟೆಯ ಚಾಮುಂಡಾ ದೇವಿ ಹದ್ದಿನ ರೂಪದಲ್ಲಿ ಕಾಯುತ್ತಾಳೆ ಅನ್ನುವುದು ಅವರ ನಂಬಿಕೆ. ಆ ಬೆಟ್ಟದ ಹಳೆಯ ಹೆಸರೇ ಹಕ್ಕಿಗಳ ಬೆಟ್ಟ. ಕೋಟೆ ಕಟ್ಟಲು ಅಲ್ಲಿದ್ದ ಚೀಡಿಯಾ ನಾಥಜಿ ಎಂಬ ಸಾಧುವನ್ನು ಎಬ್ಬಿಸಿದ್ದಕ್ಕೆ, ಇಲ್ಲಿ ನೀರಿಗೆ ಬರ ಬರಲಿ ಅಂತ ಅವರು ಶಾಪ ಕೊಟ್ಟರಂತೆ. ಇದನ್ನೆಲ್ಲ ನಾನು ಕೇಳಿದ್ದೆ, ನೋಡಿದ್ದೆ, ಫೋಟೋ ಕೂಡ ತೆಗೆದಿದ್ದೆ. ಹಾಗಿದ್ದೂ ಮರುದಿನ ಹಾರಿಸಿದೆ. ಅದೇ ನನಗೆ ಇವತ್ತಿಗೂ ನೋವು.

ಕೋಟೆಯೊಳಗೆ ಡ್ರೋನ್ ಬಿಡುವುದಿಲ್ಲ ಅಂತ ಗೊತ್ತಿತ್ತು. ಗೆಸ್ಟ್ ಹೌಸಿನವರು, "ನಮ್ಮ ಟೆರೇಸ್ ಮೇಲಿಂದ ಹಾರಿಸಿ ಮೇಡಂ, ಎಲ್ಲರೂ ಇಲ್ಲಿಂದಲೇ ಹಾರಿಸ್ತಾರೆ, ಯಾರೂ ಕೇಳಲ್ಲ" ಅಂದರು. ನನ್ನದು 250 ಗ್ರಾಂ ಒಳಗಿನ ಡ್ರೋನ್. ಅದಕ್ಕೆ ಪೈಲಟ್ ಲೈಸೆನ್ಸ್ ಬೇಡ. ಹಾಗಾಗಿ ಯಾವ ಪರ್ಮಿಷನ್ನೂ ಬೇಡ ಅಂದುಕೊಂಡೆ. ಇದು ದೊಡ್ಡ ತಪ್ಪು ತಿಳುವಳಿಕೆ, ಬಹಳ ಜನರಿಗೆ ಇದೆ. ಲೈಸೆನ್ಸ್ ಬೇರೆ, ಜಾಗದ ಅನುಮತಿ ಬೇರೆ. 2021ರ ಡ್ರೋನ್ ನಿಯಮಗಳ ಪ್ರಕಾರ ಕೆಂಪು, ಹಳದಿ ವಲಯಗಳಲ್ಲಿ (ವಿಮಾನ ನಿಲ್ದಾಣ, ಸೇನಾ ನೆಲೆಗಳ ಸುತ್ತಮುತ್ತಲಿನಂಥ ನಿರ್ಬಂಧಿತ ಜಾಗಗಳಲ್ಲಿ) ಅನುಮತಿ ಇಲ್ಲದೆ ಯಾವ ಡ್ರೋನನ್ನೂ ಹಾರಿಸುವ ಹಾಗಿಲ್ಲ. ಜೋಧ್‌ಪುರದಲ್ಲಿ ಊರಿಗೆ ಅಂಟಿಕೊಂಡೇ ವಾಯುಪಡೆಯ ನೆಲೆ ಇದೆ. ದಿನವಿಡೀ ಫೈಟರ್ ವಿಮಾನಗಳ ಸದ್ದು ಕಿವಿಗೆ ಬೀಳುತ್ತಿತ್ತು. ಸರ್ಕಾರದ ಡ್ರೋನ್ ತಾಣ ಡಿಜಿಟಲ್ ಸ್ಕೈಯಲ್ಲಿರುವ ವಲಯಗಳ ಮ್ಯಾಪ್ ಒಮ್ಮೆ ತೆರೆದು ನೋಡಿದ್ದರೆ ಸಾಕಿತ್ತು. ನೋಡಲಿಲ್ಲ.

ನಾಲ್ಕು ಗಂಟೆಗೆ ಮೇಲೆ ಬಿಟ್ಟೆ. ಒಂದು ನಿಮಿಷ ಎಲ್ಲಾ ಚೆನ್ನಾಗಿತ್ತು. ಸ್ಕ್ರೀನಿನ ಮೂಲೆಯಲ್ಲಿ ಒಂದು ನೆರಳು ಹಾದುಹೋಯಿತು. ತಮ್ಮ ಆಕಾಶ ನೋಡುತ್ತಿದ್ದವನು, "ಅಕ್ಕಾ, ಇಳಿಸು! ಇಳಿಸು!" ಅಂತ ಕೂಗಿದ. ರಿಟರ್ನ್ ಬಟನ್ ಒತ್ತಿದೆ. ಡ್ರೋನ್ ಇಳಿಯುವುದು ಬಿಟ್ಟು ಇನ್ನೂ ಮೇಲಕ್ಕೇರಿತು, ಆ ಬಟನ್ ಒತ್ತಿದರೆ ಅದು ಮೊದಲು ಎತ್ತರಕ್ಕೆ ಹೋಗಿ ಆಮೇಲೆ ವಾಪಸ್ ಬರುತ್ತದೆ. ನೇರ ಹದ್ದುಗಳ ನಡುವೆ ಹೋಯಿತು. ಒಂದು ಹದ್ದು ಕಾಲು ಚಾಚಿ ಎರಗಿತು. ಸ್ಕ್ರೀನಿನಲ್ಲಿ ಆಕಾಶ, ಗೋಡೆ, ಆಕಾಶ, ಗೋಡೆ. ಆಮೇಲೆ ಏನೂ ಇಲ್ಲ.

ಚಳಿಗಾಲ ಹದ್ದುಗಳು ಗೂಡು ಕಟ್ಟುವ ಕಾಲ. ಗೂಡಿನ ಹತ್ತಿರ ಏನೇ ಹಾರಿದರೂ ಮೈಮೇಲೆ ಬರುತ್ತವೆ. ಇದನ್ನು ನಾನು ಆಮೇಲೆ ತಿಳಿದುಕೊಂಡೆ.

ಎರಡು ಗಲ್ಲಿ ಆಚೆ ಒಂದು ಮನೆಯ ಮಾಳಿಗೆ ಮೇಲೆ ಡ್ರೋನ್ ಬಿದ್ದಿತ್ತು. ಹಳೆಯ ಸೀರೆ ಹಾಸಿ ಕೆಂಪು ಮೆಣಸಿನಕಾಯಿ ಒಣಗಿಸಿದ್ದರು, ಅದರ ನಡುವೆ. ಮೂರು ಮಾರು ದೂರದಲ್ಲಿ ಮೂರ್ನಾಲ್ಕು ವರ್ಷದ ಮಗು ಆಡುತ್ತಿತ್ತು. ಆ ದೂರ ನೆನೆದರೆ ಈಗಲೂ ಮೈ ನಡುಗುತ್ತದೆ. ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಹದ್ದು ಕೂತಿತ್ತು. ಒಂದು ರೆಕ್ಕೆ ಜೋತುಬಿದ್ದಿತ್ತು, ತುದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಕೊಕ್ಕು ಅರ್ಧ ತೆರೆದು ನನ್ನನ್ನೇ ನೋಡುತ್ತಿತ್ತು.

ಆ ಮನೆಯ ಹೆಂಗಸು ನನ್ನನ್ನು ಬಯ್ಯಲಿಲ್ಲ. "ನಮ್ಮನ್ನೂ ವಿಡಿಯೋ ಮಾಡಿದ್ಯಾ?" ಅಂತ ಕೇಳಿದರು. ಆ ಊರಲ್ಲಿ ಮಾಳಿಗೆ ಅಂದರೆ ಹೆಂಗಸರ ಅಂಗಳ. ತಲೆ ಒಣಗಿಸುವುದು, ಹಪ್ಪಳ ಹಾಕುವುದು, ಮಕ್ಕಳಿಗೆ ಎಣ್ಣೆ ಹಚ್ಚುವುದು ಎಲ್ಲಾ ಅಲ್ಲೇ. ನಮ್ಮ ಮನೆ ಹಿತ್ತಿಲ ಮೇಲೆ ಯಾರಾದರೂ ಕ್ಯಾಮೆರಾ ಹಾರಿಸಿದರೆ ನಾವು ಸುಮ್ನೆ ಇರ್ತೀವಾ? ಅವರ ಎದುರಿಗೇ ಕಾರ್ಡ್ ತೆಗೆದು ಎಲ್ಲಾ ಅಳಿಸಿದೆ.

ಓಣಿಯ ಹುಡುಗರು ಹದ್ದನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಪಶುವೈದ್ಯರ ಹತ್ತಿರ ಒಯ್ದರು. ನಾವು ಪೊಲೀಸರ ಜೊತೆ ಹೋದೆವು. ಹೇಳಿಕೆ ಬರೆದುಕೊಟ್ಟು ಹೊರಬರುವಾಗ ರಾತ್ರಿ ಹತ್ತು. ಡ್ರೋನ್ ಅಲ್ಲೇ ಉಳಿಯಿತು. ಡ್ರೋನ್ ನಿಯಮ ಮುರಿದರೆ ದಂಡ 1 ಲಕ್ಷ ರೂಪಾಯಿವರೆಗೂ ಹೋಗಬಹುದು. ಗೆಸ್ಟ್ ಹೌಸಿನವರು ತಮಗೇನೂ ಗೊತ್ತಿಲ್ಲ ಅಂದುಬಿಟ್ಟರು. "ಯಾರೂ ಕೇಳಲ್ಲ" ಅನ್ನುವವರು ಕೇಳುವ ಹೊತ್ತಿಗೆ ಜೊತೆಗಿರುವುದಿಲ್ಲ. ಮೂರನೇ ದಿನ ವೈದ್ಯರಿಗೆ ಫೋನ್ ಮಾಡಿದೆ. ಬದುಕಿದೆ, ಆದರೆ ಇನ್ನು ಹಾರುವುದಿಲ್ಲ ಅಂದರು.

ಫೋಟೋ ದೃಷ್ಟಿಯಿಂದ ನೋಡಿದರೂ ಡ್ರೋನ್ ಬೇಕಾಗಿರಲಿಲ್ಲ. ಜೋಧ್‌ಪುರದ ನೀಲಿ ಹೆಚ್ಚಾಗಿ ಇರುವುದು ಗೋಡೆಗಳಲ್ಲಿ. ತುಂಬಾ ಮೇಲಿಂದ ನೇರ ಕೆಳಗೆ ನೋಡಿದರೆ ಜಾಸ್ತಿ ಕಾಣುವುದು ಬೂದು ಬಣ್ಣದ ಮಾಳಿಗೆಗಳು, ನೀರಿನ ಟ್ಯಾಂಕುಗಳು. ಓರೆಯಾಗಿ ನೋಡಿದಾಗಲೇ ಆ ನೀಲಿ ಕಣ್ಣಿಗೆ ತುಂಬುವುದು. ಅದಕ್ಕೆ ಕೋಟೆಯ ಗೋಡೆಯೇ ಒಳ್ಳೆಯ ಜಾಗ. ಕೋಟೆಯೂ ನೀಲಿ ಮನೆಗಳೂ ಒಟ್ಟಿಗೆ ಬೇಕೆಂದರೆ ಪಚೇಟಿಯಾ ಗುಡ್ಡ ಹತ್ತಿ. ಹತ್ತಿರದ ರಾಜಮನೆತನದ ಸ್ಮಾರಕ ಜಸವಂತ್ ಥಡಾದ ಕಡೆಯಿಂದ ಕೋಟೆ ಒಂದೇ ಬಂಡೆಯ ಹಾಗೆ ಕಾಣುತ್ತದೆ. ಕೋಟೆಯ ಬುಡದಲ್ಲೇ ಇರುವ ರಾವ್ ಜೋಧಾ ಡೆಸರ್ಟ್ ರಾಕ್ ಪಾರ್ಕಿನಲ್ಲಿ ಕಲ್ಲು, ಕಳ್ಳಿ ಗಿಡ, ಹಿಂದೆ ಕೋಟೆ, ಮೂರೂ ಸಿಗುತ್ತವೆ. ಡ್ರೋನಿನ ಜಾಗದಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಒಂದು 70-200 ಜೂಮ್ ಲೆನ್ಸ್ ಹಾಕಿಕೊಂಡು ಹೋಗಿ. ಹದ್ದುಗಳ ಫೋಟೋಕ್ಕೂ ಅದೇ ಆಗುತ್ತದೆ. ಗಲ್ಲಿಯೊಳಗೆ ಮನೆ ಬಾಗಿಲು, ಮನೆಯವರ ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ. ನನಗೆ ಹೆಚ್ಚಿನವರು ಇಲ್ಲ ಅನ್ನಲಿಲ್ಲ.