ಸ್ಟಾರ್ಟರ್ ರಿಪೇರಿ ಕಲಿಯಲು ಮೂರು ದಾರಿ: ವರ್ಕ್‌ಶಾಪ್, ಸಿಮ್ಯುಲೇಟರ್, ಮನೆಯ ಹಲಗೆ

ಮೋಟಾರ್ ಸ್ಟಾರ್ಟರ್‌ಗಳಲ್ಲಿ ದೋಷ ಹುಡುಕುವುದನ್ನು ನಾನು ಮೂರು ಬಗೆಯಲ್ಲಿ ಕಲಿತಿದ್ದೇನೆ: ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಮಿಸ್ತ್ರಿಯವರ ಕೈಕೆಳಗೆ, ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ, ಮತ್ತು ಮನೆಯಲ್ಲಿ ಪ್ಲೈವುಡ್ ಹಲಗೆಯ ಮೇಲೆ ಜೋಡಿಸಿದ ಸರ್ಕೀಟಿನಲ್ಲಿ ಗೆಳೆಯರು ಬೇಕೆಂದೇ ಇಟ್ಟ ದೋಷಗಳನ್ನು ಪತ್ತೆಹಚ್ಚುತ್ತ. ಈ ಮೂರರಲ್ಲಿ ಹಲಗೆಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ವರ್ಕ್‌ಶಾಪ್ ಕೈಗೆ ಮತ್ತು ಮೂಗಿಗೆ ಕಲಿಸುವುದನ್ನು ಬೇರೆ ಯಾವುದೂ ಕಲಿಸಲಾರದು. ಕಬ್ಬಿನ ಹೊಲಗಳಿಂದ ಬರುವ ಪಂಪ್‌ಸೆಟ್ಟುಗಳಲ್ಲಿ ಓಡುತ್ತಿರುವಾಗಲೇ ಒಂದು ಫೇಸ್ ಹೋದರೆ, ಉಳಿದೆರಡು ಲೈನುಗಳಲ್ಲಿ ಕರೆಂಟ್ ಸುಮಾರು 1.7 ಪಟ್ಟು ಏರುತ್ತದೆ. ಪದೇ ಪದೇ ಟ್ರಿಪ್ ಆಗುತ್ತದೆಂದು ಯಾರೋ, ಕರೆಂಟ್ ಮಿತಿಮೀರಿದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇಯ ಸೆಟ್ಟಿಂಗ್ ಏರಿಸಿಟ್ಟಿದ್ದರೆ, ರಿಲೇ ಸುಮ್ಮನಿದ್ದು ಮೋಟಾರಿನ ವೈಂಡಿಂಗ್ (ಒಳಗಿನ ತಂತಿಸುರುಳಿ) ಸುಡುತ್ತದೆ. ಸುಟ್ಟ ವಾರ್ನಿಶ್ಶಿನ ವಾಸನೆ ತಿಳಿದವನಿಗೆ ಮೋಟಾರ್ ಬಿಚ್ಚುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ. ಆದರೆ ಅಲ್ಲಿ ಕಾರಣ ಹುಡುಕಲು ಪುರುಸೊತ್ತಿಲ್ಲ. ಸ್ಟಾರ್ಟರಿನ ಕಾಯಿಲ್ (ಅದರ ಸ್ವಿಚ್ಚನ್ನು ಎಳೆಯುವ ತಂತಿಸುರುಳಿ) ಸುಟ್ಟು ಬಂದರೆ, "ಕಾಯಿಲ್ ಬದಲಿ ಮಾಡಿ ಕೊಡಪಾ ತಮ್ಮಾ, ರೈತ ನಿಂತಾನ" ಎಂದು ಮಿಸ್ತ್ರಿಯವರು ಹೇಳುವುದು ನ್ಯಾಯವೇ, ಏಕೆಂದರೆ ನೀರಿಲ್ಲದೆ ಬೆಳೆ ಕಾಯುವುದಿಲ್ಲ. ಆದರೆ ಕಾಯಿಲ್ ಏಕೆ ಸುಟ್ಟಿತೆಂಬ ಪ್ರಶ್ನೆ ಅಲ್ಲಿಯೇ ಉಳಿಯುತ್ತದೆ.

ಸಿಮ್ಯುಲೇಟರಿನಿಂದ ಸರ್ಕೀಟಿನ ನಕ್ಷೆ ಓದುವುದು ಬೇಗ ಬರುತ್ತದೆ. ಅಷ್ಟೇ. ಅದರೊಳಗೆ ಕಾಂಟ್ಯಾಕ್ಟ್ (ಕರೆಂಟಿನ ದಾರಿಯನ್ನು ಕೂಡಿಸಿ ಬಿಡಿಸುವ ಲೋಹದ ತುದಿಗಳು) ಒಂದೋ ಕೂಡಿರುತ್ತದೆ, ಇಲ್ಲವೇ ಬಿಟ್ಟಿರುತ್ತದೆ. ಲೋಡ್ ಇಲ್ಲದಾಗ ಪೂರ್ತಿ ವೋಲ್ಟೇಜ್ ತೋರಿಸಿ, ಲೋಡ್ ಬಿದ್ದೊಡನೆ ಕೈಕೊಡುವ ಕರಿಗಟ್ಟಿದ ಕಾಂಟ್ಯಾಕ್ಟಿಗೆ ಅಲ್ಲಿ ಜಾಗವಿಲ್ಲ.

ಹಲಗೆಯ ಮೇಲಿರುವುದು 24 ವೋಲ್ಟ್ ಕಾಯಿಲಿನ ಕಾಂಟ್ಯಾಕ್ಟರ್ (ಕಾಯಿಲಿಗೆ ಕರೆಂಟ್ ಬಂದಾಗ ಎಳೆದುಕೊಂಡು ಕಾಂಟ್ಯಾಕ್ಟುಗಳನ್ನು ಕೂಡಿಸುವ ಸ್ವಿಚ್), ಒಂದು ಸಣ್ಣ ಟ್ರಾನ್ಸ್‌ಫಾರ್ಮರ್, ಸ್ಟಾರ್ಟ್ ಮತ್ತು ಸ್ಟಾಪ್ ಬಟನ್, ಓವರ್‌ಲೋಡ್ ರಿಲೇ, ಮೋಟಾರಿನ ಬದಲು ದೀಪ. ಅಳತೆ ಮಾಡಿ ಕಾರಣ ಬರೆಯುವ ತನಕ ಯಾವ ತಿರುಪನ್ನೂ ಮುಟ್ಟಬಾರದೆಂಬುದು ನಮ್ಮ ಒಂದೇ ನಿಯಮ, ಮತ್ತು ಕಲಿಸುವುದು ಆ ನಿಯಮವೇ. ಸ್ಟಾರ್ಟ್ ಒತ್ತಿದಾಗ ಕಾಂಟ್ಯಾಕ್ಟರ್ ಎಳೆದುಕೊಂಡು, ಬೆರಳು ತೆಗೆದೊಡನೆ ಬಿಟ್ಟುಬಿಡುತ್ತದೆ ಎನ್ನೋಣ. ಅನುಮಾನ, ಸ್ಟಾರ್ಟ್ ಬಟನ್ನಿಗೆ ಸಮಾಂತರವಾಗಿದ್ದು ಬೆರಳು ತೆಗೆದ ಮೇಲೂ ಕಾಯಿಲಿಗೆ ಕರೆಂಟ್ ಉಳಿಸುವ ಹೋಲ್ಡಿಂಗ್ ಕಾಂಟ್ಯಾಕ್ಟಿನ, ಅಂದರೆ 13 ಮತ್ತು 14ನೆಯ ಟರ್ಮಿನಲ್ಲುಗಳ ಮೇಲೆ. ಬಟನ್ ಒತ್ತಿ ಹಿಡಿದು ಅಳೆದರೆ ಪ್ರಯೋಜನವಿಲ್ಲ, ಏಕೆಂದರೆ ಆಗ ಬಟನ್ನೇ ಆ ಎರಡು ತುದಿಗಳನ್ನು ಕೂಡಿಸಿರುತ್ತದೆ. ಸಪ್ಲೈ ತೆಗೆದು, ಕಾಯಿಲ್ ಮೂಲಕ ಮೀಟರ್ ಸುಳ್ಳು ಬೀಪ್ ಕೊಡದಂತೆ ಓವರ್‌ಲೋಡ್ ರಿಲೇಯನ್ನು ಟ್ರಿಪ್ ಮಾಡಿಟ್ಟು, ಕಾಂಟ್ಯಾಕ್ಟರನ್ನು ಕೈಯಿಂದ ಒತ್ತಿ, ಮೊದಲು ಆ ಟರ್ಮಿನಲ್ಲುಗಳ ಮೇಲೆಯೇ ಕಂಟಿನ್ಯುಯಿಟಿ (ದಾರಿ ಕೂಡಿದೆಯೇ ಎಂದು) ನೋಡಬೇಕು. ಅಲ್ಲಿ ಮೀಟರ್ ಬೀಪ್ ಎಂದು, ಸ್ಟಾರ್ಟ್ ಬಟನ್ನಿನ ತುದಿಗಳಲ್ಲಿ ಸುಮ್ಮನಿದ್ದರೆ ಕಾಂಟ್ಯಾಕ್ಟ್ ಸರಿಯಿದೆ, ನಡುವಿನ ವೈರ್ ಬಿಟ್ಟಿದೆ. ವರ್ಕ್‌ಶಾಪಿನಲ್ಲಾದರೆ ಇದಕ್ಕೆ ಇಡೀ ಕಾಂಟ್ಯಾಕ್ಟರೇ ಬದಲಾಗುತ್ತಿತ್ತು.

ಆದ್ದರಿಂದ ಐಟಿಐ ಮುಗಿಸಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮೊದಲು ಹಲಗೆಯ ಮೇಲೆ ಪಳಗಿ, ನಂತರ ವರ್ಕ್‌ಶಾಪಿಗೆ ಹೋಗಲಿ ಎಂದೇ ನಾನು ಹೇಳುತ್ತೇನೆ. ಮೀಟರ್ ಹಿಡಿದು ಯೋಚಿಸುವ ರೂಢಿ ಬಂದ ಮೇಲೆ ಅವಸರದ ಕೆಲಸವೂ ಕಲಿಸತೊಡಗುತ್ತದೆ. ಡಿಒಎಲ್ (ಮೋಟಾರಿಗೆ ನೇರವಾಗಿ ಪೂರ್ತಿ ವೋಲ್ಟೇಜ್ ಕೊಡುವ ಈ ಸರಳ ಸ್ಟಾರ್ಟರ್) ಮುಗಿದ ಮೇಲೆ ಅದೇ ಹಲಗೆಗೆ ಇನ್ನೆರಡು ಕಾಂಟ್ಯಾಕ್ಟರ್ ಮತ್ತು ಒಂದು ಟೈಮರ್ ಸೇರಿಸಿ ಸ್ಟಾರ್-ಡೆಲ್ಟಾ (ವೈಂಡಿಂಗನ್ನು ಮೊದಲು ಸ್ಟಾರ್, ನಂತರ ಡೆಲ್ಟಾ ಜೋಡಣೆಗೆ ಬದಲಿಸುವ ಸ್ಟಾರ್ಟರ್) ಜೋಡಿಸಬಹುದು. ಅದರ ಇಂಟರ್‌ಲಾಕ್ (ಸ್ಟಾರ್ ಮತ್ತು ಡೆಲ್ಟಾ ಕಾಂಟ್ಯಾಕ್ಟರುಗಳು ಒಟ್ಟಿಗೆ ಎಳೆದುಕೊಳ್ಳದಂತೆ ತಡೆಯುವ ಏರ್ಪಾಡು) ದೋಷವನ್ನಂತೂ ಹಲಗೆಯ ಮೇಲೆಯೇ ಕಲಿಯಬೇಕು: 415 ವೋಲ್ಟಿನ ಪ್ಯಾನೆಲ್ಲಿನಲ್ಲಿ ಸ್ಟಾರ್ ಮತ್ತು ಡೆಲ್ಟಾ ಒಟ್ಟಿಗೆ ಎಳೆದುಕೊಂಡರೆ ಮೂರೂ ಫೇಸುಗಳು ಶಾರ್ಟ್ ಆಗುತ್ತವೆ, ಆದರೆ ಮೂರು ಫೇಸಿನ ಪವರ್ ಸರ್ಕೀಟೇ ಇಲ್ಲದ ಹಲಗೆಯ ಮೇಲೆ ಎರಡು ಕಾಂಟ್ಯಾಕ್ಟರುಗಳು ಏಕಕಾಲಕ್ಕೆ ಎಳೆದುಕೊಳ್ಳುವುದನ್ನು ನಿಶ್ಚಿಂತೆಯಿಂದ ನೋಡಿ, ಯಾವ ಎನ್‌ಸಿ ಕಾಂಟ್ಯಾಕ್ಟ್ (ಕಾಂಟ್ಯಾಕ್ಟರ್ ಎಳೆದುಕೊಂಡಾಗ ಬಿಟ್ಟುಕೊಳ್ಳುವಂಥದ್ದು) ತಪ್ಪಿಹೋಗಿದೆ ಎಂದು ಹುಡುಕಬಹುದು.