ನಂಬಾನ ನಂಬಬಹುದಾ? 19 ಕೋಟಿ ಲೆಕ್ಕಕ್ಕೆ ನಾಲ್ಕು ದಾರಿ

ಪೈಥಾನ್ ಭಾಷೆಯಲ್ಲಿ ಬರೆದ ಒಂದು ನಿಧಾನದ ಲೆಕ್ಕವನ್ನು ನಂಬಾ, ಸೈಥಾನ್, ಸಿ, ಫೋರ್ಟ್ರಾನ್ ಅಂತ ನಾಲ್ಕು ದಾರಿಯಲ್ಲಿ ವೇಗ ಮಾಡಿ ನೋಡಿದ ಕಥೆ ಇದು. ಮೊದಲು ಲೆಕ್ಕ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರುವ ಸೆಕೆಂಡುಗಳಿಗೆ ಅರ್ಥವೇ ಇರುವುದಿಲ್ಲ. ಹವಾಮಾನ ಇಲಾಖೆಯವರು ದೇಶದ ದಿನದಿನದ ಮಳೆಯನ್ನು ಕಾಲು ಡಿಗ್ರಿಯ ಚೌಕಗಳಾಗಿ ಕೊಡುತ್ತಾರೆ. ಒಂದು ಕಡೆ 135, ಇನ್ನೊಂದು ಕಡೆ 129, ಒಟ್ಟು 17,415 ಚೌಕ. ನಾನು ತೆಗೆದುಕೊಂಡಿದ್ದು 1991ರಿಂದ 2020ರವರೆಗಿನ 30 ವರ್ಷ, ಅಂದರೆ 10,958 ದಿನ. ಗುಣಿಸಿದರೆ 19 ಕೋಟಿ ಚಿಲ್ಲರೆ ಸಂಖ್ಯೆಗಳು. ಪ್ರತಿ ಚೌಕದ ಮಣ್ಣನ್ನೂ 150 ಮಿ.ಮೀ. ನೀರು ಹಿಡಿಯುವ ಬಕೆಟ್ ಅಂದುಕೊಳ್ಳಿ. ಮಳೆ ಬಂದರೆ ತುಂಬುತ್ತದೆ, ಬಿಸಿಲಿಗೆ ಆರುತ್ತದೆ, ಅರ್ಧಕ್ಕಿಂತ ಕೆಳಗೆ ಹೋದರೆ ಆರುವ ವೇಗ ಕಡಿಮೆಯಾಗುತ್ತದೆ, ತುಂಬಿ ಉಕ್ಕಿದ್ದು ಹರಿದುಹೋಗುತ್ತದೆ. ಇವತ್ತಿನ ಮಟ್ಟ ಗೊತ್ತಾಗಬೇಕಾದರೆ ನಿನ್ನೆಯದು ಬೇಕೇ ಬೇಕು. ತಲೆನೋವು ಇರುವುದು ಅಲ್ಲೇ.

ಸುಮ್ನೆ ಪೈಥಾನ್ ಫಾರ್ ಲೂಪ್ (ಒಂದೊಂದೇ ಸಂಖ್ಯೆಗೆ ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸುವುದು) ಬರೆದು ಓಡಿಸಿದಾಗ 30 ವರ್ಷಕ್ಕೆ ನಾಲ್ಕೂವರೆ ನಿಮಿಷ ಹಿಡಿಯಿತು. ಒಂದು ಸಲಕ್ಕಾದರೆ ಪರವಾಗಿಲ್ಲ, ಕಾಫಿ ಮಾಡಿಕೊಂಡು ಬರಬಹುದು. ಆದರೆ ಬಕೆಟ್‌ನ ಅಳತೆ, ಆರುವ ದರ ಎಲ್ಲ ಬದಲಿಸಿ ಬದಲಿಸಿ 200 ಸಲ ಓಡಿಸಬೇಕಿತ್ತು. 15 ಗಂಟೆ!

ಪೈಥಾನ್ ನಿಧಾನ ಯಾಕೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿರುತ್ತದೆ. ಅರೇಯಿಂದ, ಅಂದರೆ ಸಂಖ್ಯೆಗಳ ಪಟ್ಟಿಯಿಂದ, ಒಂದು ಸಂಖ್ಯೆ ತೆಗೆದಾಗಲೆಲ್ಲ ಅದನ್ನೊಂದು ಆಬ್ಜೆಕ್ಟ್ ಮಾಡಿ, ಅದರ ಟೈಪ್ (ಯಾವ ಬಗೆಯ ಸಂಖ್ಯೆ) ಏನು ಅಂತ ವಿಚಾರಿಸಿ, ಆಮೇಲೆ ಕೂಡುತ್ತದೆ. 19 ಕೋಟಿ ಸಲ ಅದೇ ವಿಚಾರಣೆ. ಸರಿ, ದಿನದ ಲೂಪ್ ಮಾತ್ರ ಇಟ್ಟುಕೊಂಡು 17,415 ಚೌಕಗಳನ್ನೂ ನಂಪೈಗೆ, ಅಂದರೆ ಇಡೀ ಅರೇಯ ಲೆಕ್ಕವನ್ನು ಒಂದೇ ಏಟಿಗೆ ಮಾಡುವ ಪೈಥಾನ್ ಲೈಬ್ರರಿಗೆ, ಒಟ್ಟಿಗೆ ಕೊಟ್ಟೆ. 1.3 ಸೆಕೆಂಡ್. ನಿಜ ಹೇಳಬೇಕೆಂದರೆ ಇಲ್ಲಿಗೇ ನಿಲ್ಲಿಸಬಹುದಿತ್ತು, 200 ಸಲಕ್ಕೂ ನಾಲ್ಕೂವರೆ ನಿಮಿಷದಲ್ಲಿ ಮುಗಿಯುತ್ತಿತ್ತು. ನಿಮ್ಮದು ಇಂಥದೇ ಲೆಕ್ಕವಾಗಿದ್ದರೆ ಮೊದಲು ಇಷ್ಟು ಮಾಡಿ ನೋಡಿ, ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಗೊಡವೆಯೇ ಬೇಡವಾಗಬಹುದು.

ನಾನು ಮುಂದೆ ಹೋಗಿದ್ದಕ್ಕೆ ಕಾರಣ ಬೇರೆ. ನಿಯಮಗಳು ಜಾಸ್ತಿಯಾದವು. ಎರಡೂವರೆ ಮಿ.ಮೀ.ಗಿಂತ ಕಡಿಮೆ ಮಳೆಯ ದಿನಗಳನ್ನು ಎಣಿಸು, ಹಾಗೆ ಹತ್ತು ದಿನ ಆದರೆ ಮೇಲ್ಮಣ್ಣು ಗಟ್ಟಿಯಾಯಿತು ಅಂದುಕೋ, ಆಮೇಲಿನ ಮೊದಲ ಮಳೆಯಲ್ಲಿ ಒಂದು ಪಾಲು ಇಂಗದೆ ಹರಿಯಲಿ. ಲೂಪ್‌ನಲ್ಲಿ ಇದು ಮೂರು ಇಫ್ (ಹೀಗಿದ್ದರೆ ಹೀಗೆ ಮಾಡು ಅನ್ನುವ ಸಾಲು). ನಂಪೈಯಲ್ಲಿ ಒಂದರೊಳಗೊಂದು ಏಳು 'ವೇರ್', ಅಂದರೆ ಇಫ್‌ನ ಕೆಲಸವನ್ನು ಇಡೀ ಅರೇಗೆ ಮಾಡುವ ಫಂಕ್ಷನ್. ಸಾಲದ್ದಕ್ಕೆ 'ವೇರ್' ಎರಡೂ ಕಡೆಯ ಲೆಕ್ಕ ಮಾಡಿಯೇ ಒಂದನ್ನು ಆರಿಸಿಕೊಳ್ಳುವುದು. ಒಂದು ವಾರ ಬಿಟ್ಟು ತೆರೆದರೆ ನಾನೇ ಬರೆದ ಕೋಡ್ ನನಗೇ ಓದಲಾಗಲಿಲ್ಲ. ನನಗೆ ಬೇಕಿದ್ದದ್ದು ವೇಗಕ್ಕಿಂತ ಹೆಚ್ಚಾಗಿ ಸಾದಾ ಲೂಪ್ ಬರೆಯುವ ಸ್ವಾತಂತ್ರ್ಯ.

ಹಾಗಾಗಿ ಮೊದಲು ನಂಬಾ, ಪೈಥಾನ್ ಫಂಕ್ಷನ್‌ಗೆಂದೇ ಇರುವ ಕಂಪೈಲರ್. 2012ರಲ್ಲಿ ಇದನ್ನು ಶುರು ಮಾಡಿದವರು ಟ್ರಾವಿಸ್ ಓಲಿಫಂಟ್, ನಂಪೈ ಕಟ್ಟಿದವರೂ ಅವರೇ, ಹಾಗಾಗಿ ನಂಪೈ ಅರೇ ಅಂದರೆ ಇದಕ್ಕೆ ಮನೆಯ ಕೂಸು. ಫಂಕ್ಷನ್ ತಲೆಯ ಮೇಲೆ 'ಎನ್‌ಜಿಟ್' ಅಂತ ಒಂದು ಸಾಲು ಹಾಕಿದರೆ ಮುಗಿಯಿತು, ಕರೆದಾಗ ಅರೇಯ ಟೈಪ್ ನೋಡಿ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಸಾಮಗ್ರಿಯ ಮೂಲಕ ಯಂತ್ರದ ಭಾಷೆಗೆ ಇಳಿಸುತ್ತದೆ. ಆ ಒಂದು ಸಾಲು ಹಾಕಿ ಓಡಿಸಿದೆ. 5 ಸೆಕೆಂಡ್! ನಂಪೈಗಿಂತ ನಿಧಾನ. ಅದರಲ್ಲಿ ಎರಡು ಸೆಕೆಂಡ್ ಕಂಪೈಲ್ ಆಗಲಿಕ್ಕೆ ಹೋದದ್ದು, ಎರಡನೇ ಸಲ 3ಕ್ಕೆ ಬಂತು. ಆದರೂ ನಿಧಾನವೇ ಅಲ್ವಾ? ಒಂದು ಸಂಜೆ ಪೂರ್ತಿ ನಂಬಾವನ್ನು ಬೈದುಕೊಂಡೆ. ತಪ್ಪು ನನ್ನದಾಗಿತ್ತು. ನನ್ನ ಅರೇಯಲ್ಲಿ ಒಂದು ದಿನದ ಎಲ್ಲ ಚೌಕಗಳೂ ಮೆಮೊರಿಯಲ್ಲಿ ಸಾಲಾಗಿ ಕೂತಿವೆ, ಅದು ಮುಗಿದ ಮೇಲೆ ಮರುದಿನದ್ದು. ನಾನು ಲೂಪ್ ಬರೆದಿದ್ದು ಮಾತ್ರ ಒಂದು ಚೌಕ ಹಿಡಿದು 30 ವರ್ಷ ಮುಗಿಸಿ, ಆಮೇಲೆ ಮುಂದಿನ ಚೌಕ. ಅಂದರೆ ಪ್ರತಿ ಹೆಜ್ಜೆಗೂ 70 ಸಾವಿರ ಬೈಟ್ ಆಚೆಗೆ ನೆಗೆತ. ಪ್ರೊಸೆಸರ್ ಒಂದು ಸಲಕ್ಕೆ 64 ಬೈಟ್ ತಂದು ಕ್ಯಾಶ್‌ನಲ್ಲಿ (ತನ್ನ ಪಕ್ಕದ ಪುಟ್ಟ, ಚುರುಕು ಮೆಮೊರಿ) ಇಟ್ಟುಕೊಳ್ಳುತ್ತದೆ, ನಾನು ಅದರಲ್ಲಿ ಒಂದು ಸಂಖ್ಯೆಯ 4 ಬೈಟ್ ಬಳಸಿ ಉಳಿದದ್ದನ್ನು ಚೆಲ್ಲುತ್ತಿದ್ದೆ. ಹದಿನಾರು ಇಡ್ಲಿಯ ತಟ್ಟೆ ತರಿಸಿಕೊಂಡು ಒಂದನ್ನು ತಿಂದು ತಟ್ಟೆ ವಾಪಸ್ ಕಳಿಸಿದ ಹಾಗೆ. ದಿನದ ಲೂಪ್ ಹೊರಗೆ, ಚೌಕದ ಲೂಪ್ ಒಳಗೆ ಅಂತ ಎರಡು ಸಾಲು ಅದಲುಬದಲು ಮಾಡಿದೆ, 0.38 ಸೆಕೆಂಡ್. ಮುಂದಿನ ಮೂರು ದಾರಿಗಳಲ್ಲೂ ಇದೇ ಲೂಪ್, ಇದೇ ಕ್ರಮ.

ನಂಬಾದಲ್ಲಿ ಇನ್ನೊಂದು ಕಡೆ ಎಡವಿದೆ. ಈ ಮಳೆ ಫೈಲ್‌ಗಳಲ್ಲಿ ಅಂಕಿ ಇಲ್ಲದ ಜಾಗಕ್ಕೆ, ಸಮುದ್ರದ ಮೇಲೆಲ್ಲ, -999 ಅಂತ ಇರುತ್ತದೆ. ನಾನು ಅದನ್ನು ನ್ಯಾನ್ ('ಇದು ಸಂಖ್ಯೆಯಲ್ಲ' ಅನ್ನುವ ಗುರುತು) ಮಾಡಿಕೊಂಡು, ನ್ಯಾನ್ ಬಂದರೆ ಮುಂದೆ ಹೋಗು ಅಂತ ಬರೆದಿದ್ದೆ. ಇನ್ನಷ್ಟು ವೇಗ ಬರಲಿ ಅಂತ 'ಫಾಸ್ಟ್‌ಮ್ಯಾತ್' ಆನ್ ಮಾಡಿದೆ. ನಕ್ಷೆ ತೆಗೆದರೆ ಅರಬ್ಬಿ ಸಮುದ್ರದ ಮಧ್ಯದಲ್ಲೂ ಮಣ್ಣಿನ ತೇವ 150 ಮಿ.ಮೀ.! 'ಫಾಸ್ಟ್‌ಮ್ಯಾತ್' ಅಂದರೆ ನ್ಯಾನ್ ಬರುವುದೇ ಇಲ್ಲ ಅಂತ ಕಂಪೈಲರ್‌ಗೆ ಮಾತು ಕೊಟ್ಟ ಹಾಗೆ, ಅದು ನನ್ನ ಇಫ್ ಅನ್ನೇ ಕಿತ್ತು ಬಿಸಾಕಿತ್ತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಜಿಸಿಸಿ ಎಂಬ ಸಿ ಕಂಪೈಲರ್‌ನಲ್ಲೂ ಇಂಥದೇ ಆಯ್ಕೆ ಇದೆ, ಅಲ್ಲೂ ಇದೇ ಕಥೆ.

ಸೈಥಾನ್ 2007ರಲ್ಲಿ ಪೈರೆಕ್ಸ್ ಎಂಬ ಹಳೆಯ ಉಪಕರಣದಿಂದ ಕವಲೊಡೆದದ್ದು. ಪೈಥಾನ್‌ನಂತೆಯೇ ಬರೆದು, ನಡುನಡುವೆ ಟೈಪ್ ಹೇಳುತ್ತಾ ಹೋದರೆ ಅದನ್ನು ಸಿ ಭಾಷೆಯ ಕೋಡ್ ಮಾಡಿಕೊಡುತ್ತದೆ. ಇದರಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಹಳದಿ ಪುಟ: ಯಾವ ಸಾಲು ಇನ್ನೂ ಪೈಥಾನ್ ಕಡೆ ಓಡುತ್ತಿದೆಯೋ ಅದಕ್ಕೆ ಹಳದಿ ಬಳಿದು ಬ್ರೌಸರ್‌ನಲ್ಲಿ ತೋರಿಸುತ್ತದೆ, ಹಳದಿ ಗಾಢವಾದಷ್ಟೂ ಸಾಲು ನಿಧಾನ. ಮೊದಲ ಸಲ ನನಗೆ 15 ಸೆಕೆಂಡ್ ಬಂದಿತ್ತು. ಪುಟ ತೆರೆದರೆ ಒಂದೇ ಒಂದು ಸಾಲು ಅರಿಶಿನದ ಕೊಂಬಿನಂತೆ ಕಾಣುತ್ತಿತ್ತು. ಎಷ್ಟು ಆರಿತು ಅಂತ ಲೆಕ್ಕ ಹಾಕುವ ಪುಟ್ಟ ಫಂಕ್ಷನ್ ಅನ್ನು 'ಡೆಫ್' (ಪೈಥಾನ್‌ನ ಮಾಮೂಲಿ ಫಂಕ್ಷನ್) ಅಂತಲೇ ಬಿಟ್ಟಿದ್ದೆ, 19 ಕೋಟಿ ಸಲವೂ ಪೈಥಾನ್ ದಾರಿಯಲ್ಲೇ ಕರೆ ಹೋಗುತ್ತಿತ್ತು. ಅದನ್ನು ನೇರ ಸಿ ಫಂಕ್ಷನ್ ಮಾಡುವ 'ಸಿಡೆಫ್ ಇನ್‌ಲೈನ್' ಅಂದೆ, ಅರೇಯ ಗಡಿ ನೋಡುವ ತಪಾಸಣೆ ತೆಗೆದೆ, 0.36. ಎಲ್ಲಿ ನಿಧಾನ ಅಂತ ನಂಬಾ ಇಷ್ಟು ಸ್ಪಷ್ಟವಾಗಿ ತೋರಿಸುವುದಿಲ್ಲ. ಆದರೆ ಸೆಟಪ್ ಫೈಲ್, ಬಿಲ್ಡ್, ತಿದ್ದಿದಾಗಲೆಲ್ಲ ಮತ್ತೆ ಬಿಲ್ಡ್. ಜೊತೆಯಲ್ಲಿ ಕೆಲಸ ಮಾಡುವ ಹುಡುಗನಿಗೆ ಕಳಿಸಿದೆ, ಅವನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಸಿ ಕಂಪೈಲರ್ ಇರಲಿಲ್ಲ. "ಸರ್, ಏನೋ ಕೆಂಪಕ್ಷರದಲ್ಲಿ ಬರ್ತಿದೆ" ಅಂತ ಫೋಟೋ ಕಳಿಸಿದ. ಒಂದು ಮಧ್ಯಾಹ್ನ ಹೋಯಿತು.

ಸಿಯಲ್ಲೇ ಬರೆದು ಸಿಟೈಪ್ಸ್‌ನಿಂದ ಕರೆಯುವುದು ನನ್ನ ಮಟ್ಟಿಗೆ ಅತಿ ವೇಗದ್ದು, 0.31. ಸಿಟೈಪ್ಸ್ ಪೈಥಾನ್ ಜೊತೆಗೇ ಬರುತ್ತದೆ, ಬೇರೇನೂ ಹಾಕಿಕೊಳ್ಳಬೇಕಿಲ್ಲ. ಆದರೆ ಇದರಷ್ಟು ಮುಲಾಜಿಲ್ಲದ ದಾರಿ ಇನ್ನೊಂದಿಲ್ಲ. ಮಳೆ ಫೈಲ್‌ನಲ್ಲಿರುವುದು 4 ಬೈಟ್‌ನ ಸಂಖ್ಯೆಗಳು, ನಾನು ಅಭ್ಯಾಸಬಲದಿಂದ ಸಿಯಲ್ಲಿ ಡಬಲ್ (8 ಬೈಟ್‌ನ ಸಂಖ್ಯೆ) ಅಂತ ಬರೆದಿದ್ದೆ. ಅದು ಎರಡೆರಡು ಚೌಕದ ಮಳೆಯನ್ನು ಅಂಟಿಸಿ ಒಂದು ಸಂಖ್ಯೆ ಅಂತ ಓದಿಕೊಂಡು, ಅರೇ ಮುಗಿದ ಮೇಲೂ ಓದುತ್ತಾ ಹೋಗಿ 'ಸೆಗ್ಮೆಂಟೇಶನ್ ಫಾಲ್ಟ್' ಅಂತ ಎರಡು ಪದ ಹೇಳಿ ಸತ್ತಿತು. ಯಾವ ಸಾಲು, ಏನು ಎತ್ತ, ಒಂದೂ ಇಲ್ಲ. ನಂಪೈಯ 'ಎನ್‌ಡಿಪಾಯಿಂಟರ್' ಹಾಕಿ ಅರೇಯ ಟೈಪ್ ಮೊದಲೇ ಹೇಳಿಟ್ಟರೆ, ಬೇರೆ ಟೈಪ್ ಕೊಟ್ಟ ಕೂಡಲೇ ಪೈಥಾನ್‌ನಲ್ಲೇ ತಡೆಯುತ್ತದೆ. ಅದಿಲ್ಲದೆ ಸಿಟೈಪ್ಸ್ ಮುಟ್ಟಬೇಡಿ.

ಫೋರ್ಟ್ರಾನ್ ಅಂದರೆ ಹಳೇ ಕಾಲದ ಭಾಷೆ ಅಂತ ನಗುವವರಿದ್ದಾರೆ. ನಗಲಿ. ಪೆಯರು ಪೀಟರ್ಸನ್ 1999ರಲ್ಲಿ ಶುರು ಮಾಡಿದ, ಫೋರ್ಟ್ರಾನ್ ಕೋಡನ್ನು ಪೈಥಾನ್‌ಗೆ ಜೋಡಿಸುವ ಎಫ್‌2ಪೈ ಈಗ ನಂಪೈ ಒಳಗೇ ಇದೆ, ಸಬ್‌ರುಟೀನ್ ಬರೆದು ಒಂದು ಆಜ್ಞೆ ಕೊಟ್ಟರೆ ಮಾಡ್ಯೂಲ್ ತಯಾರು. ಒಂದೇ ತಕರಾರು: ಫೋರ್ಟ್ರಾನ್ ಅರೇಯನ್ನು ಕಂಬಸಾಲಾಗಿ ಜೋಡಿಸುತ್ತದೆ, ನಂಪೈ ಅಡ್ಡಸಾಲಾಗಿ. ಹೊಂದದಿದ್ದರೆ ಎಫ್‌2ಪೈ ಸದ್ದಿಲ್ಲದೆ ನಕಲು ಮಾಡಿಕೊಳ್ಳುತ್ತದೆ. ನನ್ನ ಅರೇಯೇ 760 ಎಂಬಿ, ಟೈಪ್ ಕೂಡ ಡಬಲ್ ಕೊಟ್ಟಿದ್ದರಿಂದ ನಕಲು ಒಂದೂವರೆ ಜಿಬಿ, ಲೆಕ್ಕಕ್ಕಿಂತ ನಕಲಿಗೇ ಜಾಸ್ತಿ ಹೊತ್ತು. ಟೈಪ್ ಸರಿ ಮಾಡಿ, ಅರೇಯನ್ನು ಟ್ರಾನ್ಸ್‌ಪೋಸ್ ಮಾಡಿ ಕೊಟ್ಟರೆ ನಕಲು ನಿಲ್ಲುತ್ತದೆ, ಯಾಕೆಂದರೆ ಟ್ರಾನ್ಸ್‌ಪೋಸ್ ಸಂಖ್ಯೆಗಳನ್ನು ಅಲ್ಲಾಡಿಸುವುದಿಲ್ಲ, ಓದುವ ಕ್ರಮವನ್ನಷ್ಟೇ ಬದಲಿಸುತ್ತದೆ. 0.33. ಹಳೇ ಫೋರ್ಟ್ರಾನ್ ಕೋಡ್ ಕೈಯಲ್ಲಿದ್ದವರು ಅದನ್ನು ಬೇರೆ ಭಾಷೆಗೆ ಬರೆಯಲಿಕ್ಕೆ ಹೋಗಲೇಬೇಡಿ, ಇದೇ ದಾರಿ.

ಸಂಖ್ಯೆಗಳನ್ನು ನೋಡಿದರೆ ನಾಲ್ಕಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ, 0.31ರಿಂದ 0.38. ನಾನು ಉಳಿಸಿಕೊಂಡಿದ್ದು ನಂಬಾ. ಕಂಪೈಲರ್ ಇಲ್ಲದ ಆ ಲ್ಯಾಪ್‌ಟಾಪ್‌ನಲ್ಲೂ ಪೈಥಾನ್‌ನ ಪಿಪ್ ಆಜ್ಞೆಯಿಂದ ಹಾಕಿಕೊಂಡರೆ ಸಾಕು, ನಿಯಮ ಬದಲಾದರೆ ಇಫ್ ತಿದ್ದಿ ಓಡಿಸಿದರೆ ಸಾಕು. ಕಾಟ ಇಲ್ಲವೆಂದಲ್ಲ: ಪಾಂಡಾಸ್ ಲೈಬ್ರರಿಯ ಟೇಬಲ್ ಕೊಟ್ಟರೆ ಮುಖ ತಿರುಗಿಸುತ್ತದೆ, ಹೊಸ ಪೈಥಾನ್ ಬಂದ ಕೂಡಲೇ ಅದಕ್ಕೆ ಹೊಂದುವ ನಂಬಾ ಬರುವುದಿಲ್ಲ, ಸ್ವಲ್ಪ ಕಾಯಬೇಕು. ಬೇರೆಯವರು ಹಾಕಿಕೊಳ್ಳುವ ಪ್ಯಾಕೇಜ್ ಮಾಡುವುದಿದ್ದರೆ ನಾನು ಸೈಥಾನ್ ಹಿಡಿಯುತ್ತಿದ್ದೆ, ಒಂದು ಸಲ ಬಿಲ್ಡ್ ಮಾಡಿ ವೀಲ್ (ಕಂಪೈಲ್ ಆಗಿರುವ ಸಿದ್ಧ ಪ್ಯಾಕೇಜ್) ಕೊಟ್ಟರೆ ಆಯಿತು. ಪ್ರೊಸೆಸರ್‌ನ ನಾಲ್ಕು ಕೋರ್‌ಗೂ ಹಂಚೋಣ ಅಂತ ನಂಬಾದ 'ಪ್ರೇಂಜ್' ಹಾಕಿಯೂ ನೋಡಿದೆ. ನಾಲ್ಕು ಪಟ್ಟು ವೇಗ ಬರಲಿಲ್ಲ, ಎರಡು ಪಟ್ಟೂ ಸರಿಯಾಗಿ ಬರಲಿಲ್ಲ, ಒಂದೊಂದು ದಿನಕ್ಕೆ 17 ಸಾವಿರ ಚೌಕ ಅಂದರೆ ಹಂಚಿ ಮತ್ತೆ ಕೂಡಿಸುವುದಕ್ಕೇ ಹೊತ್ತು ಹೋಗುತ್ತದೆ. ತೆಗೆದುಹಾಕಿದೆ.

ಮೊನ್ನೆ ರಾತ್ರಿ 200 ಸಲದ್ದನ್ನು ಓಡಲು ಬಿಟ್ಟು ಮಲಗೋಣ ಅಂತ ಎಂಟರ್ ಒತ್ತಿದೆ. ಹಾಸಿಗೆ ಕೊಡವಿ ಹಾಸುವಷ್ಟರಲ್ಲಿ ಮುಗಿದಿತ್ತು.